ಬಾಣಂತಿ ಕೋಣೆಯ ಕಿಟಕಿ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ. ಸುಡುಬೇಸಿಗೆಯಲ್ಲಿ ಹೆತ್ತು, ಸಿಮೆಂಟ್ ಶೀಟಿನ ಕೋಣೆಯಲ್ಲಿ, ತಲೆಗೆ ಬಟ್ಟೆ ಬಿಗಿದುಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು, ಮಂಚದ ಕೆಳಗೆ ಕೆಂಡದ ಬಾಣಲೆ ಇಟ್ಟುಕೊಂಡು ಮಲಗಿದವಳಿಗೆ ಕೋಪ ಬರದಿದ್ದರೆ ಅಂಥವಳನ್ನು ನನಗೂ ತೋರಿಸಿ, ಕಾಲಿಗೆ ಬೀಳುತ್ತೇನೆ.

ನನ್ನ ಗಂಡನ ಮನೆ ಮಾಲೂರು ತಾಲ್ಲೂಕಿನ ಲಕ್ಕೂರಿನ ಕಡೆ. ಅವರದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕೆಂದು ಅಮ್ಮ ಹಟ ಹಿಡಿದಿದ್ದಳು. ಹಾಗಾಗಿ ಏಳನೇ ತಿಂಗಳಿಗೇ ಮುಳಬಾಗಿಲು ತಾಲ್ಲೂಕಿನ ನಮ್ಮ ತೋಟದ ಮನೆಗೆ ಬಂದಿದ್ದೆ. ದೇವರಾಯಸಮುದ್ರದ ಕೆರೆ ನಮ್ಮ ಮನೆಯಿಂದ ದೂರವಿಲ್ಲ. ಆ ಬೇಸಿಗೆಯಲ್ಲಿ ಕೆರೆಯ ಕಡೆಯಿಂದಲೂ ಬಿಸಿಗಾಳಿಯೇ ಬರುತ್ತಿತ್ತು.

ಹೆರಿಗೆ ಕೋಲಾರದ ಆಸ್ಪತ್ರೆಯಲ್ಲಿ ಸಲೀಸಾಗಿ ಆಯಿತು. ಹೆಣ್ಣು ಮಗು. ಹೊರಡುವಾಗ ನರ್ಸಮ್ಮ ಅಮ್ಮನನ್ನು ಕೂರಿಸಿಕೊಂಡು ಹೇಳಿದರು: "ನೋಡಮ್ಮ, ಬಿಸಿಲು ಜೋರಾಗಿದೆ. ಮಗೂಗೆ ತೆಳ್ಳಗಿರೋ ಹತ್ತಿ ಬಟ್ಟೆ ಹಾಕಿ. ಕೋಣೇಲಿ ಗಾಳಿ ಆಡ್ಲಿ. ಬಾಣಂತಿಗೆ ಕೇಳಿದಷ್ಟು ನೀರು ಕೊಡಿ." ಅಮ್ಮ ಭಕ್ತಿಯಿಂದ ತಲೆಯಾಡಿಸಿ "ಆಯ್ತು ಕಣಮ್ಮ, ಆಯ್ತು" ಎಂದಳು. ಆಟೋ ಹತ್ತಿದ ತಕ್ಷಣ ಚೀಲದಿಂದ ಸ್ವೆಟರ್ ತೆಗೆದು ಮಗುವಿಗೆ ತೊಡಿಸಿದಳು.

"ಅವ್ರು ಹೇಳಿದ್ದು ಕೇಳಿಸ್ಲಿಲ್ವಾ ನಿಂಗೆ?" ಎಂದೆ.

"ಅವ್ರು ಸಾವಿರ ಹೇಳ್ತಾರೆ. ಅವ್ರೇನು ಬಂದು ಬಾಣಂತನ ಮಾಡ್ತಾರಾ? ಹಸಿ ಮೈ ಕಣೇ. ಗಾಳಿ ಹೊಕ್ರೆ ಮುಗೀತು."

ನಮ್ಮ ಮನೆಯ ಹಿಂದುಗಡೆಗೆ ಒಂದು ಪುಟ್ಟ ಕೋಣೆಯಿದೆ. ಮುಂದಿನ ಹಜಾರಕ್ಕೆ ಮೋಲ್ಡ್ ಹಾಕಿಸಿದಾಗ ಹಿಂದಿನದಕ್ಕೆ ದುಡ್ಡು ಸಾಲದೆ ಶೀಟು ಹೊದಿಸಿದ್ದು. ಪಡುವಣ ಗೋಡೆ, ಅದರಲ್ಲೊಂದು ಮರದ ಕಿಟಕಿ. ಮಧ್ಯಾಹ್ನ ತಿರುಗಿತೆಂದರೆ ಬಿಸಿಲು ನೇರ ಆ ಗೋಡೆಗೇ ಬಂದು ಒರಗುತ್ತದೆ. ಜನರ ಓಡಾಟವಿಲ್ಲ, ದೃಷ್ಟಿ ಬೀಳುವುದಿಲ್ಲ ಎಂದು ಅಮ್ಮ ಆ ಕೋಣೆಯನ್ನೇ ಆರಿಸಿದಳು. ಕಿಟಕಿಯ ಬಾಗಿಲು ಮುಚ್ಚಿ, ಸಂದಿಗೆಲ್ಲ ಹಳೇ ಸೀರೆಯ ಚೂರು ತುರುಕಿ, ಅದರ ಮೇಲೊಂದು ಕಂಬಳಿ ಇಳಿಬಿಟ್ಟಳು. ಫ್ಯಾನಿನ ರೆಗ್ಯುಲೇಟರನ್ನೇ ಬಿಚ್ಚಿಸಿ ಎತ್ತಿಟ್ಟಳು, ನಾನು ಕದ್ದು ಹಾಕಿಕೊಳ್ಳಬಾರದಲ್ಲ, ಅದಕ್ಕೆ.

ಬೆಳಿಗ್ಗೆ ಹಂಡೆ ತುಂಬ ಕುದಿಯುವ ನೀರು ಹುಯ್ಯುವಳು. ಮೈ ಕೆಂಪಗಾಗಬೇಕು, ಇಲ್ಲದಿದ್ದರೆ ಅದು ಬಾಣಂತಿಯ ಸ್ನಾನವೇ ಅಲ್ಲ. ಆಮೇಲೆ ಸಾಂಬ್ರಾಣಿ ಹೊಗೆ, ಕೆಂಡ, ಎರಡು ರಗ್ಗು. ಮಗುವಿಗೆ ಸ್ವೆಟರ್, ಉಲ್ಲನ್ ಟೋಪಿ, ಕಾಲುಚೀಲ, ಅದರ ಮೇಲೆ ಹಳೇ ಪಂಚೆಯಲ್ಲಿ ಬಿಗಿಯಾಗಿ ಸುತ್ತುವುದು. ನನ್ನ ಊಟಕ್ಕೆ ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ತುಪ್ಪದನ್ನ. ನೀರು ಮಾತ್ರ ಕೇಳಬಾರದು. ಕೇಳಿದರೆ ಒಂದು ಸಣ್ಣ ಲೋಟದಲ್ಲಿ ಅರ್ಧ, ಅದೂ ಬಿಸಿಬಿಸಿ. ಬಾಣಂತಿ ನೀರು ಕುಡಿದರೆ ಹೊಟ್ಟೆ ಇಳಿಬೀಳುತ್ತದೆ, ಹಾಲು ತೆಳ್ಳಗಾಗುತ್ತದೆ, ಮಗುವಿಗೆ ಶೀತವಾಗುತ್ತದೆ ಎಂಬುದು ಅಮ್ಮನ ಶಾಸ್ತ್ರ.

"ಅಮ್ಮ, ನಾಲಿಗೆ ಅಂಟ್ಕೊಳ್ತಾ ಐತೆ, ಒಂದು ಚೊಂಬು ನೀರು ಕೊಡೇ" ಎಂದು ಬೇಡುತ್ತಿದ್ದೆ.

"ತಡ್ಕೊಬೇಕು. ನಾನೂ ತಡ್ಕೊಂಡಿದ್ದೆ" ಎನ್ನುವಳು.

ಗೋಡೆಗೆ ಹೇಳಿದರೂ ಒಂದೇ, ಅವಳಿಗೆ ಹೇಳಿದರೂ ಒಂದೇ. ಆದರೆ ಅನ್ಯಾಯದ ಮಾತು ಆಡಬಾರದು. ಆ ಕುಲುಮೆಯಲ್ಲಿ ನನ್ನ ಜೊತೆ ಅವಳೂ ಬೇಯುತ್ತಿದ್ದಳು. ರವಿಕೆ ಬೆನ್ನಿಗಂಟಿಕೊಂಡು, ಹಣೆಯ ಕುಂಕುಮ ಬೆವರಿನಲ್ಲಿ ಮೂಗಿನವರೆಗೆ ಇಳಿದಿದ್ದರೂ, ಮಗುವಿನ ಪಕ್ಕದಿಂದ ಎದ್ದು ಹೊರಗೆ ಹೋಗಿ ಒಂದು ಗಳಿಗೆ ತಂಪು ಮಾಡಿಕೊಂಡವಳಲ್ಲ. ನನ್ನ ಸಿಟ್ಟು ಇಮ್ಮಡಿಯಾಗುತ್ತಿದ್ದುದೂ ಅದಕ್ಕೇ. ಕೆಟ್ಟವಳಾಗಿದ್ದರೆ ಎದುರಿಸಬಹುದಿತ್ತು.

ಹಿತ್ತಲಿನಲ್ಲಿ, ಬಚ್ಚಲುಮನೆಯ ಆಚೆಗೆ, ನಮ್ಮ ಹುಳು ಮನೆ. ಅಪ್ಪ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವವನು. ಹುಳಕ್ಕೆ ಸೆಖೆ ಆಗದು, ಸ್ವಲ್ಪ ಹೆಚ್ಚಾದರೂ ಸೊಪ್ಪು ಬಿಡುತ್ತದೆ, ಸಾಯುತ್ತದೆ. ಅದಕ್ಕೇ ಹುಳು ಮನೆಯ ಮಾಡಿನ ಮೇಲೆ ತೆಂಗಿನ ಗರಿ ಹೊದಿಸಿ, ಕಿಟಕಿಗಳಿಗೆಲ್ಲ ಗೋಣಿ ಕಟ್ಟಿ, ಅಪ್ಪ ಹೊತ್ತುಹೊತ್ತಿಗೆ ಅದಕ್ಕೆ ನೀರು ಎರಚುತ್ತಿದ್ದ. ನೆಲಕ್ಕೂ ನೀರು ಚಿಮುಕಿಸುತ್ತಿದ್ದ. ಗೋಡೆಗೆ ನೇತುಹಾಕಿದ ಥರ್ಮಾಮೀಟರನ್ನು ದೇವರ ಪಟದಂತೆ ನೋಡುತ್ತಿದ್ದ. ಬಚ್ಚಲಿಗೆ ಹೋದಾಗಲೆಲ್ಲ ಆ ಒದ್ದೆ ಗೋಣಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು, ನನಗೆ ಹುಳಗಳ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು. ನಗಬೇಡಿ, ನಿಜವಾಗಿಯೂ ಆಗುತ್ತಿತ್ತು.

ಒಂದು ದಿನ ಅಮ್ಮನಿಗೆ ಹೇಳಿಯೂಬಿಟ್ಟೆ. "ಅಪ್ಪ ಹುಳಕ್ಕೆ ಮಾಡೋದ್ರಲ್ಲಿ ಅರ್ಧ ನೀನು ನಿನ್ನ ಮೊಮ್ಮಗಳಿಗೆ ಮಾಡಿದ್ರೆ ಸಾಕಿತ್ತು."

"ಹುಳ ಬೇರೆ, ಮನುಷ್ಯರು ಬೇರೆ. ಹುಳಕ್ಕೆ ಬಾಯಿ ಇಲ್ಲ, ಹೇಳ್ಕೊಳಕ್ಕೆ ಬರಲ್ಲ."

"ಇವಳಿಗೆ ಬರುತ್ತಾ?"

ಅಮ್ಮ ಮಗುವಿನ ಟೋಪಿಯನ್ನು ಇನ್ನಷ್ಟು ಕೆಳಕ್ಕೆ ಎಳೆದಳು. ಫೋನಿನಲ್ಲಿ ಗಂಡನಿಗೆ ಹೇಳಿದರೆ "ಹಿರಿಯರು ನೋಡ್ಕೊಂಡು ಬಂದಿರೋದು, ಅತ್ತೆ ಹೇಳ್ದಂಗೆ ಕೇಳು" ಎಂದರು. ಅವರು ಎಸಿ ಇರುವ ಹಾಲ್‌ನಲ್ಲಿ ನಿಂತು ಮಾತಾಡುತ್ತಿದ್ದರು. ಫೋನನ್ನು ರಗ್ಗಿನ ಮೇಲೆ ಎಸೆದೆ.

ಮಗು ಮೊದಮೊದಲು ಬಹಳ ಅಳುತ್ತಿತ್ತು. ಕತ್ತಿನ ಸಂದಿಯಲ್ಲಿ, ತೊಡೆಯ ಸಂದಿಯಲ್ಲಿ ಬೆವರುಸಾಲೆ ಕೆಂಪಗೆ ಎದ್ದಿತ್ತು. ನನಗೆ ಹಾಲು ಕಡಿಮೆಯಾಗುತ್ತ ಬಂದಿತ್ತು. ಮಗು ಚೀಪಿ ಚೀಪಿ ಸಿಗದೆ ತಲೆ ಆಡಿಸಿ ಕಿರುಚುವುದು. ಅಮ್ಮ ನನಗೆ ಇನ್ನಷ್ಟು ಬೆಳ್ಳುಳ್ಳಿ ತಿನ್ನಿಸುವಳು. ನೀರು ಕೊಡು ತಾಯಿ, ನೀರಿಲ್ಲದೆ ಹಾಲು ಎಲ್ಲಿಂದ ಬರಬೇಕು ಎಂದು ಅತ್ತೂ ಕೇಳಿದೆ, ಬೈದೂ ಕೇಳಿದೆ. ಕೊನೆಗೆ ಒಂದು ಬೆಳಿಗ್ಗೆ ಸ್ನಾನದ ಹೊತ್ತಿನಲ್ಲಿ ಅವಳು ಸೀಗೆಪುಡಿ ತರಲು ಹೋದಾಗ ತಣ್ಣೀರಿನ ತೊಟ್ಟಿಯಿಂದ ಚೊಂಬಿನಲ್ಲಿ ಮೊಗೆದು ಕಳ್ಳಿಯ ಹಾಗೆ ಗಟಗಟ ಕುಡಿದೆ. ಹಿಂದಿನ ದಿನ ಅವಳು ತೂಕಡಿಸಿದಾಗ ಕಂಬಳಿ ಸರಿಸಿ ಕಿಟಕಿಯನ್ನೂ ತೆಗೆದಿದ್ದೆ. ಅವಳು ಬೆಚ್ಚಿ ಎದ್ದು ಮುಚ್ಚಿದಳು. ಹೊಡೆಯುವವಳ ಹಾಗೆ ಕೈ ಎತ್ತಿದ್ದಳು.

ಅದೇ ದಿನ ಮಧ್ಯಾಹ್ನ ಕರೆಂಟ್ ಹೋಗಿತ್ತು. ಶೀಟು ಟಕ್ ಟಕ್ ಎಂದು ಸದ್ದು ಮಾಡುತ್ತಿತ್ತು. ಮಗು ಬೆಳಿಗ್ಗೆಯಿಂದ ಬಟ್ಟೆ ಒದ್ದೆ ಮಾಡಿರಲಿಲ್ಲ ಎಂಬುದು ನನ್ನ ತಲೆಗೆ ಹೊಳೆದದ್ದು ಆಗ. ಅಳುವೂ ನಿಂತಿತ್ತು.

"ನೋಡು, ಎಷ್ಟು ಬೆಚ್ಚಗೆ ನಿದ್ದೆ ಮಾಡ್ತಾವ್ಳೆ. ನಾನು ಹೇಳ್ಲಿಲ್ವಾ?" ಎಂದಳು ಅಮ್ಮ. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ನಗು ಕಂಡಿತ್ತು.

ಹಾಲು ಕುಡಿಸೋಣವೆಂದು ಎತ್ತಿಕೊಂಡೆ. ಕತ್ತು ಒಂದು ಕಡೆಗೆ ಬಿತ್ತು. ಪಂಚೆ ಬಿಚ್ಚಿದೆ, ಸ್ವೆಟರ್ ಬಿಚ್ಚಿದೆ. ಎದೆಗೆ ಕೈ ಇಟ್ಟರೆ ಒಲೆಯ ಮೇಲಿನ ಹೆಂಚು ಮುಟ್ಟಿದ ಹಾಗಾಯಿತು. ತುಟಿ ಒಣಗಿತ್ತು. ಟೋಪಿ ಕಿತ್ತರೆ ನೆತ್ತಿ ಗುಳಿ ಬಿದ್ದಿತ್ತು. ಅಂಗಾಲಿಗೆ ಬೆರಳಿನಿಂದ ತಟ್ಟಿದೆ, ಮತ್ತೆ ತಟ್ಟಿದೆ, ಕಿರುಬೆರಳನ್ನು ಬಾಯಿಗಿಟ್ಟೆ. ಚೀಪಲಿಲ್ಲ.

"ಅಮ್ಮಾ, ಇವಳು ನಿದ್ದೆ ಮಾಡ್ತಿಲ್ಲ!"

ಅಮ್ಮ ಮುಟ್ಟಿ ನೋಡಿದವಳೇ "ಅಯ್ಯೋ ದೇವುಡಾ! ಜ್ವರ. ಗಾಳಿ ಸೋಕೈತೆ. ನಿನ್ನೆ ಕಿಟಕಿ ತೆಗ್ದೆ ಅಲ್ವೇನೇ ಪಾಪಿ, ಗಾಳಿ ಸೋಕೈತೆ!" ಎಂದು ಎದೆ ಬಡಿದುಕೊಂಡಳು. ಬಡಿದುಕೊಳ್ಳುತ್ತಲೇ ಇನ್ನೊಂದು ರಗ್ಗು ತಂದಳು, ಕೆಂಡಕ್ಕೆ ಸಾಂಬ್ರಾಣಿ ಸುರಿದಳು. ಹೊಗೆ ಎದ್ದಿತು. ಆ ಹೊಗೆಯಲ್ಲಿ ಅವಳು ರಗ್ಗು ಹಿಡಿದು ಮಗುವಿನ ಮೇಲೆ ಬಗ್ಗಿದ್ದು ನೋಡಿ ನನಗೆ ಏನಾಯಿತೋ, ಹೊಲಿಗೆ ಹಾಕಿದ ಮೈ ಎಂಬುದನ್ನೂ ಮರೆತು ಅವಳನ್ನು ಪಕ್ಕಕ್ಕೆ ತಳ್ಳಿ, ಬರೀ ಮೈಯ ಮಗುವನ್ನು ಎದೆಗವಚಿಕೊಂಡು ಹೊರಗೆ ಓಡಿದೆ.

ಎಲ್ಲಿಗೆ ಎಂದು ಯೋಚಿಸಲಿಲ್ಲ. ಕಾಲು ತಾನಾಗಿ ಹುಳು ಮನೆಯ ಕಡೆ ತಿರುಗಿತು. ನಮ್ಮ ಅಷ್ಟೂ ಜಮೀನಿನಲ್ಲಿ ತಂಪು ಇದ್ದದ್ದು ಅಲ್ಲೊಂದೇ ಕಡೆ.

ಹುಳು ಮನೆಗೆ ಯಾರೆಂದರೆ ಅವರು ಹೋಗುವ ಹಾಗಿಲ್ಲ. ಕಾಲು ತೊಳೆದು, ಸುಣ್ಣ ತುಳಿದು ಒಳಗೆ ಹೋಗಬೇಕು. ಮುಟ್ಟಾದವರು ಆ ಕಡೆ ತಲೆಯನ್ನೂ ಹಾಕಬಾರದು. ಬಾಣಂತಿಯಂತೂ ಮೈಲಿಗೆ ಕಳೆಯುವವರೆಗೆ ಅದರ ನೆರಳಿಗೂ ಬರಬಾರದು. ಬಂದರೆ ಹುಳುಗಳು ಹಾಲಿನಂಥ ನೀರು ಕಕ್ಕಿಕೊಂಡು ಸಾಯುತ್ತವೆ ಎಂಬ ನಂಬಿಕೆ ನಮ್ಮ ಕಡೆ ಎಲ್ಲರಿಗೂ ಇದೆ. ನನಗೂ ಇತ್ತು. ಹುಟ್ಟಿದಾಗಿನಿಂದ ಆ ಬಾಗಿಲನ್ನು ಕೇಳದೆ ದಾಟಿದವಳಲ್ಲ ನಾನು.

ಅಪ್ಪ ಸೊಪ್ಪು ಹಾಕುತ್ತಿದ್ದವನು ತಿರುಗಿ ನೋಡಿ ಬಾಗಿಲಿಗೆ ಅಡ್ಡ ನಿಂತ. "ಲೇ, ಏನಿದು? ಹುಳ ಇನ್ನೇನು ಹಣ್ಣಾಗಿ ಗೂಡು ಕಟ್ಟೋ ಹೊತ್ತು. ನಿಲ್ಲು, ನಿಲ್ಲು ಅಲ್ಲೇ."

ಹಿಂದೆ ಅಮ್ಮ ಓಡಿ ಬರುತ್ತಿದ್ದಳು. ಅವಳು ಶ್ರೀನಿವಾಸಪುರದ ಆಚೆಯ ಗಡಿ ಹಳ್ಳಿಯವಳು, ಕೈಕಾಲು ಆಡದಾದಾಗ ತೆಲುಗೇ ಬರುತ್ತದೆ. "ವದ್ದು, ವದ್ದು! ಬಿಡಬೇಡ ಅವಳನ್ನ!" ಎಂದು ಕೂಗುತ್ತಿದ್ದಳು.

"ಅಪ್ಪಾ, ನಿನ್ನ ಹುಳಕ್ಕೆ ಮೈ ಸುಟ್ರೆ ಏನು ಮಾಡ್ತೀಯ? ಕಂಬಳಿ ಹೊದಿಸ್ತೀಯಾ? ಕೆಂಡ ಇಡ್ತೀಯಾ? ನೋಡು ಇವಳನ್ನ, ಮುಟ್ಟಿ ನೋಡು!"

ಅಪ್ಪ ಮುಟ್ಟಿ ನೋಡಿದ. ಕೈ ಅಲ್ಲೇ ಇಟ್ಟುಕೊಂಡು ನಿಂತ. ಅವನ ಕಣ್ಣು ಒಂದು ಸಲ ಥರ್ಮಾಮೀಟರಿನ ಕಡೆ ಹೋಗಿ ಬಂತು, ಬಹುಶಃ ರೂಢಿಯಿಂದ. ಆಮೇಲೆ ಅಡ್ಡ ಇಟ್ಟಿದ್ದ ತೋಳು ತೆಗೆದು "ಬಾ ಒಳಕ್ಕೆ" ಎಂದ.

ಒಳಗೆ ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು, ಮಳೆ ಹನಿ ಎಲೆಯ ಮೇಲೆ ಬಿದ್ದ ಹಾಗೆ. ಒದ್ದೆ ನೆಲದ ಮೇಲೆ ಕೂತೆ. ಅಪ್ಪ ತನ್ನ ಹೆಗಲಿನ ಟವೆಲನ್ನು ನೀರಿನಲ್ಲಿ ಅದ್ದಿ ಹಿಂಡಿ ಮಗುವಿನ ಮೈ ಒರೆಸಿದ, ಮತ್ತೆ ಅದ್ದಿದ, ಮತ್ತೆ ಒರೆಸಿದ. ನಾನು ರಟ್ಟಿನಿಂದ ಬೀಸಿದೆ. ಅಮ್ಮ ಹೊಸ್ತಿಲಾಚೆ ಕುಸಿದು ಕೂತು ದೇವರುಗಳನ್ನೆಲ್ಲ ಕರೆಯುತ್ತಿದ್ದಳು. ಒಳಗೆ ಬರುವ ಧೈರ್ಯ ಅವಳಿಗಿರಲಿಲ್ಲ, ಅಲ್ಲಿಂದ ಎದ್ದು ಹೋಗುವ ಧೈರ್ಯವೂ ಇರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಮಗು ಬೆಕ್ಕಿನ ಮರಿಯಂತೆ ಒಂದು ಸದ್ದು ಮಾಡಿತು. ಅಷ್ಟೇ. ಎದೆಗೆ ಹಿಡಿದರೆ ಚೀಪಲಿಲ್ಲ.

"ಕೋಲಾರಕ್ಕೆ ಹೋಗೋಣ, ಮಕ್ಕಳ ವಾರ್ಡು ಅಲ್ಲೇ ಇರೋದು" ಎಂದ ಅಪ್ಪ. ಪಕ್ಕದ ತೋಟದವರ ಟೆಂಪೊ ಖಾಲಿ ಟೊಮೆಟೊ ಕ್ರೇಟ್ ತುಂಬಿಕೊಂಡು ನಿಂತಿತ್ತು. ಅದನ್ನೇ ಕರೆದ. ಅಪ್ಪ ಹಿಂದೆ ಕ್ರೇಟುಗಳ ನಡುವೆ ಕೂತ. ಡ್ರೈವರಿನ ಪಕ್ಕ ನಾನು, ನನ್ನ ಪಕ್ಕ ಅಮ್ಮ.

ಆ ದಾರಿ ನನಗೆ ಯಾವ ಜನ್ಮಕ್ಕೂ ಬೇಡ. ಹೆದ್ದಾರಿಯ ಡಾಂಬರಿನ ಮೇಲೆ ಝಳ ಕುಣಿಯುತ್ತಿತ್ತು. ಕಿಟಕಿಯಿಂದ ಬರುವ ಗಾಳಿಯೂ ಸುಡುತ್ತಿತ್ತು, ಮುಚ್ಚಿದರೆ ಉಸಿರು ಕಟ್ಟುತ್ತಿತ್ತು. ಬಾಟಲಿಯ ನೀರಿನಿಂದ ಟವೆಲ್ ಒದ್ದೆ ಮಾಡುತ್ತ ಮಗುವಿನ ಮೈಗೆ ಒತ್ತುತ್ತಿದ್ದೆ. ಊರು ದಾಟಿದ ಮೇಲೆ ಅಮ್ಮ ಮೆಲ್ಲಗೆ ಸೆರಗು ಎಳೆದು ಮಗುವಿನ ಮುಖಕ್ಕೆ ಮುಚ್ಚಿದಳು. ಕಿತ್ತೆಸೆದೆ. ಸ್ವಲ್ಪ ಹೊತ್ತಿಗೆ ಮತ್ತೆ ಅವಳ ಕೈ ಬಂತು. ಆ ಕೈಗೆ ಪಟ್ಟೆಂದು ಹೊಡೆದೆ.

"ನನ್ನ ಮಗೂನ ಕೊಲ್ಲಬೇಡ!" ಎಂದು ಕಿರುಚಿದೆ.

ಅಮ್ಮ ಕೈಯನ್ನು ಮಡಿಲಿನಲ್ಲಿ ಇಟ್ಟುಕೊಂಡಳು. ಆಮೇಲೆ ಕೋಲಾರದವರೆಗೂ ಆ ಕೈ ಎತ್ತಲಿಲ್ಲ. ಡ್ರೈವರ್ ಹಾರನ್ ಮೇಲಿನ ಕೈ ತೆಗೆಯದೆ ಓಡಿಸಿದ.

ಆಸ್ಪತ್ರೆಯಲ್ಲಿ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದರು. ಗಾಜಿನ ಬಾಗಿಲು ಮುಚ್ಚಿತು. ಆಚೆಗೆ ಬಂದ ಡಾಕ್ಟರಮ್ಮ ನನಗಿಂತ ಚಿಕ್ಕವರ ಹಾಗೆ ಕಾಣುತ್ತಿದ್ದರು. "ಮೈಯಲ್ಲಿ ನೀರು ಒಣಗಿದೆ. ಸೋಂಕು ಇದೆಯಾ ಅಂತಾನೂ ಪರೀಕ್ಷೆ ಮಾಡ್ತೀವಿ, ಆದ್ರೆ ನೋಡಿದ್ರೆ ಸೆಖೆಗೆ ಹೀಗಾಗಿರೋ ಹಾಗಿದೆ. ಏನೇನು ಹೊದಿಸಿದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಒಂದೊಂದಾಗಿ ಹೇಳಿದಳು. ಸ್ವೆಟರ್, ಟೋಪಿ, ಪಂಚೆ, ರಗ್ಗು, ಕೆಂಡ. ಏನನ್ನೂ ಮುಚ್ಚಿಡಲಿಲ್ಲ.

"ಕಿಟಕಿ?"

"ಮುಚ್ಚಿದ್ದೆ ತಾಯಿ. ಗಾಳಿ ಸೋಕ್ದಂಗೆ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಇಂಥ ಬಿಸಿಲಲ್ಲಿ ಮುಚ್ಚಬೇಡೀಮ್ಮ. ಗಾಳಿಯಿಂದ ಮಗೂಗೆ ಏನೂ ಆಗಲ್ಲ. ಕಿಟಕಿ ತೆಗೀರಿ" ಎಂದು ನನ್ನ ಕಡೆ ತಿರುಗಿ, "ನೀವು ನೀರು ಕುಡೀರಿ. ಮಗು ಎದ್ದರೆ ಹಾಲು ಬೇಕಲ್ಲ" ಎಂದರು.

ಎದ್ದರೆ ಎಂದರು. ಆ ಒಂದು ಮಾತನ್ನು ಹಿಡಿದುಕೊಂಡು ನಾನು ವಾರ್ಡಿನ ಆಚೆ ಕಾರಿಡಾರಿನ ನೆಲದ ಮೇಲೆ ಕೂತೆ. ಬಾಟಲಿಗಟ್ಟಲೆ ನೀರು ಕುಡಿದೆ. ಅತ್ತೆ. ಮತ್ತೆ ಕುಡಿದೆ. ದೇವರಿಗೆ ಹರಕೆ ಹೊತ್ತೆ, ಹೊತ್ತ ಮೇಲೆ ಅದೇ ದೇವರಿಗೆ ಬೈದೆ. ಅಪ್ಪ ಹುಳಕ್ಕೆ ಸೊಪ್ಪು ಹಾಕಲು ಊರಿಗೆ ಹಿಂದಿರುಗಿದ. ಮಾರನೇ ಬೆಳಿಗ್ಗೆ ಫೋನ್ ಮಾಡಿ, "ಹುಳ ಚೆನ್ನಾಗವೆ, ಮೇಯ್ತಾ ಅವೆ. ಮಗು ಹೆಂಗೈತೆ?" ಎಂದು ಕೇಳಿದ. ಡಾಕ್ಟರು ಇನ್ನೂ ಏನೂ ಹೇಳಿಲ್ಲ ಎಂದೆ. ನನ್ನ ಗಂಡ ಮಾಲೂರಿನಿಂದ ಬಸ್ಸು ಹತ್ತಿದ್ದರು.

ಅಮ್ಮ ನನ್ನ ಪಕ್ಕದಲ್ಲೇ ಗೋಡೆಗೊರಗಿ ಕೂತಿದ್ದಳು. ಟೆಂಪೊದಲ್ಲಿ ಹೊಡೆದ ಮೇಲೆ ನಾವು ಮಾತಾಡಿರಲಿಲ್ಲ. ಹುಳ ಚೆನ್ನಾಗಿವೆಯಂತೆ ಎಂದು ಅವಳಿಗೆ ಹೇಳಿದೆ, ಚುಚ್ಚಬೇಕೆಂದೇ ಹೇಳಿದೆ. ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

"ನಿನಗಿಂತ ಮುಂಚೆ ಒಬ್ಬನಿದ್ದ" ಎಂದಳು.

ಗೊತ್ತಿತ್ತು. ಮೊದಲನೆಯದು ನಿಲ್ಲಲಿಲ್ಲ ಎಂದಷ್ಟೇ ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಹೇಗೆ ಎಂದು ನಾನು ಕೇಳಿದವಳಲ್ಲ, ಅವಳು ಹೇಳಿದವಳಲ್ಲ.

"ಅವನೂ ಇಂಥಾ ಬಿಸಿಲಲ್ಲೇ ಹುಟ್ಟಿದ್ದು, ನಮ್ಮಮ್ಮನ ಮನೇಲಿ. ಕಲ್ಲು ಚಪ್ಪಡಿ ಮನೆ, ಕಾದು ಕಾವ್ಲಿ ಆಗೋದು. ಅವನೂ ಹಿಂಗೇ ಅಳ್ತಿದ್ದ. ನನ್ನ ಕೈಲಿ ನೋಡಕ್ಕಾಗ್ದೆ ಒಂದು ಮಧ್ಯಾಹ್ನ ಎದ್ದು ಕಿಟಕಿ ತೆಗೆದ್ಬಿಟ್ಟೆ. ಗಾಳಿ ಬಂತು ಕಣೇ. ಅಳು ನಿಲ್ಲಿಸ್ದ. ಹಾಲು ಕುಡ್ದ. ಕಣ್ಣು ಬಿಟ್ಟು ನನ್ನೇ ನೋಡ್ದ."

ಅವಳು ಗಾಜಿನ ಬಾಗಿಲನ್ನೇ ನೋಡುತ್ತಿದ್ದಳು.

"ಅಷ್ಟೊತ್ತಿಗೆ ನಮ್ಮಮ್ಮ ಬಂದ್ಲು. ಬೈದು, ಕಿಟಕಿ ಮುಚ್ಚಿ, ಮೇಲೊಂದು ದುಪ್ಪಟಿ ಹೊದ್ದಿಸಿದ್ಲು. ಮಾರನೇ ದಿನ ಹೋದ. ನೀನು ಕಿಟಕಿ ತೆಗೆದಿದ್ದಕ್ಕೇ ಗಾಳಿ ಸೋಕಿ ಹೋದ ಅಂದ್ರು ಎಲ್ರೂ. ನಾನೇ ಕೊಂದೆ ಅಂದ್ಕೊಂಡೆ. ಇಷ್ಟು ವರ್ಷ ಹಂಗೇ ಅಂದ್ಕೊಂಡು ಬದುಕ್ದೆ. ಈಗ ಈ ಡಾಕ್ಟ್ರಮ್ಮ ಕಿಟಕಿ ತೆಗೀರಿ ಅಂತಾರೆ. ಹಂಗಾದ್ರೆ ಆವತ್ತು ನಾನು ಮಾಡಿದ್ದು ಸರೀನೇನೇ?"

ಜೀವಮಾನದಲ್ಲಿ ಒಂದು ಮಾತಿಗೂ ತಡವರಿಸಿದವಳಲ್ಲ ನಾನು. ನಾನು ಹೊಡೆದಿದ್ದ ಅವಳ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. "ಸರೀನೇ ಮಾಡಿದ್ದೆ ಕಣಮ್ಮ" ಎಂದೆ. ಸಮಾಧಾನವಾಗಲಿ ಎಂದು ಹೇಳಿದೆ.

"ಸರಿ ಆಗಿದ್ರೆ, ಮತ್ತೆ ಮುಚ್ಚೋಕೆ ಯಾಕೆ ಬಿಟ್ಟೆ ನಾನು?" ಎಂದಳು ಅಮ್ಮ.

ಅವಳನ್ನು ತಬ್ಬಿಕೊಂಡು ಅಳಬೇಕೆನಿಸಿತು, ಒಳಗೆ ನನ್ನ ಮಗು ಇತ್ತು, ಅಳಲೂ ಹೆದರಿಕೆಯಾಯಿತು.

ಆಗ ಗಾಜಿನ ಬಾಗಿಲು ತೆರೆಯಿತು. ನರ್ಸಮ್ಮ ತಲೆ ಆಚೆ ಹಾಕಿ, "ಕಣ್ಣು ಬಿಟ್ಟಿದೆ, ಹಾಲಿಗೆ ಅಳ್ತಿದೆ. ತಾಯಿ ಯಾರು? ಬೇಗ ಬನ್ನಿ" ಎಂದು ಕರೆದರು.

ನನಗಿಂತ ಮುಂಚೆ ಅಮ್ಮ ಎದ್ದು ನಿಂತಳು. ಎರಡು ಹೆಜ್ಜೆ ಬಾಗಿಲಿನ ಕಡೆಗೆ ಹೋಗಿಯೂಬಿಟ್ಟಳು. ಆಮೇಲೆ ನಿಂತು, ಸೆರಗು ಸರಿಮಾಡಿಕೊಂಡು, ನನ್ನ ಕಡೆ ತಿರುಗಿ, "ಹೋಗೇ, ನಿನ್ನನ್ನೇ ಕರೀತಾವ್ರೆ" ಎಂದಳು.